ಒಂದು ಗೇಣು, ಎರಡು ಬೆರಳು

ಕಳೆದ ವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಲಕ್ಕಿ ಪ್ಯಾಕೆಟ್ಟಿನ ಕ್ಲಿಪ್ಪು ಕೆಳಗೆ ಬಿದ್ದಿತ್ತು. ಕಾಫಿ ಲೋಟ ಹಿಡಿದು ಬಂದ ನಾನು ಅದನ್ನು ತುಳಿದುಬಿಟ್ಟೆ. ನನ್ನ ವಯಸ್ಸಿನವರು ಕೆಳಗೆ ಬಿದ್ದದ್ದನ್ನೆಲ್ಲ ಎತ್ತಿಕೊಳ್ಳಲು ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಕಾಲಿಗೆ ತಗುಲಿದ್ದು ಏನೆಂದು ಕಂಡಕೂಡಲೇ ಲೋಟವನ್ನು ಪಕ್ಕಕ್ಕಿಟ್ಟೆ, ಸೊಂಟದ ಮೇಲೊಂದು ಕೈಯಿಟ್ಟುಕೊಂಡು ಬಗ್ಗಿದೆ, ಕ್ಲಿಪ್ಪನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡೆ.

ಎದುರಿಗೆ ಮೊಮ್ಮಗಳು ತಾರಾ ಸೀರಿಯಲ್ ತಿನ್ನುತ್ತಾ ಕೂತಿದ್ದಳು. ಒಂಬತ್ತು ವರ್ಷದ ಹುಡುಗಿ, ಅವಳ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಏನೂ ನಡೆಯುವುದಿಲ್ಲ.

"ತಾತ, ಚಿಪ್ ಕ್ಲಿಪ್‌ಗೆ ಯಾಕೆ ನಮಸ್ತೆ? ಇಟ್ಸ್ ಜಸ್ಟ್ ಅ ಕ್ಲಿಪ್."

ಅಷ್ಟರಲ್ಲಿ ಸ್ಕೂಲ್ ಬಸ್ಸು ಬಂತು. ಉತ್ತರ ಕೊಡುವ ಕಷ್ಟ ನನಗೆ ತಪ್ಪಿತು. ಮಗಳೂ ಅಳಿಯನೂ ಆಗಲೇ ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಲ್ಯಾಬಿನ ಕಡೆ ತೆವಳುತ್ತಿದ್ದರು. ನನ್ನ ಹೆಂಡತಿ ಪದ್ಮ ಸ್ನಾನಕ್ಕೆ ಹೋಗಿದ್ದಳು. ಅಮೆರಿಕದ ಜರ್ಮನ್‌ಟೌನಿನ ಆ ಅಡುಗೆಮನೆಯಲ್ಲಿ ನಾನು ಮತ್ತು ಕ್ಲಿಪ್ಪು ಇಬ್ಬರೇ ಉಳಿದೆವು. ಕಾಫಿ ಆರಿತು.

ಅದು ಚಿಪ್ಸಿನ ಕ್ಲಿಪ್ಪಲ್ಲ. ನೋಡಿದರೆ ನಿಮಗೂ ಗೊತ್ತಾಗುತ್ತದೆ. ಹಿತ್ತಾಳೆಯದು, ಕಿರುಬೆರಳಿನಷ್ಟು ಉದ್ದ, ಅಂಗೈಯಲ್ಲಿ ಇಟ್ಟುಕೊಂಡರೆ ತೂಕ ತಿಳಿಯುತ್ತದೆ. ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ಕೆಂಪು ಬಣ್ಣವಿದೆ. ಅದರ ಸ್ಪ್ರಿಂಗು ಎಷ್ಟು ಬಿಗಿಯೆಂದರೆ ಅವಲಕ್ಕಿಯ ಪ್ಯಾಕೆಟ್ಟಿಗೆ ಹಾಕಿದ ಮೇಲೆ ಬಿಚ್ಚಲು ನಮ್ಮ ಮನೆಯಲ್ಲಿ ಪದ್ಮ ಒಬ್ಬಳಿಂದಲೇ ಸಾಧ್ಯ. ನಾನು ಬಿಚ್ಚಲು ಹೋಗಿ ಎರಡು ಸಲ ಅವಲಕ್ಕಿಯನ್ನು ನೆಲಕ್ಕೆ ಅಭಿಷೇಕ ಮಾಡಿದ್ದೇನೆ.

ತೊಂಬತ್ತರ ದಶಕದಲ್ಲಿ ನಾವು ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ಊರಿನಲ್ಲಿದ್ದೆವು. ಮೈಸೂರಿನ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಹೇಳಿಕೊಡುತ್ತಿದ್ದವನು ಅಲ್ಲಿನ ಕಾಲೇಜಿನಲ್ಲೂ ಅದನ್ನೇ ಹೇಳಿಕೊಡಲು ಹೋಗಿದ್ದೆ. ಊರಿಗೆ ಒಂದೇ ಟ್ರಾಫಿಕ್ ಲೈಟು, ಅರ್ಧ ಮುಚ್ಚಿದ ಒಂದು ಬಟ್ಟೆ ಗಿರಣಿ. ಕನ್ನಡ ಮಾತಾಡಬೇಕೆಂದರೆ ಷಾರ್ಲಟ್‌ಗೆ ಹೋಗಬೇಕು, ಒಳ್ಳೆ ಸಾರಿನ ಪುಡಿ ಬೇಕೆಂದರೆ ಅಟ್ಲಾಂಟಾಗೆ ಹೋಗುವವರನ್ನು ಹುಡುಕಬೇಕು. ಕಾಲೇಜು ಎಷ್ಟು ಚಿಕ್ಕದೆಂದರೆ ಗಣಿತ ವಿಭಾಗದಲ್ಲಿ ನಾನು ಮತ್ತು ಇನ್ನೊಬ್ಬರು, ಅಷ್ಟೆ. ಆ ಇನ್ನೊಬ್ಬರ ಮನಸ್ಸು ಗಣಿತಕ್ಕಿಂತ ಹೆಚ್ಚಾಗಿ ಚರ್ಚಿನ ಆರ್ಗನ್ ವಾದ್ಯದ ಮೇಲಿತ್ತು.

ಇಷ್ಟು ಚಿಕ್ಕ ಕಾಲೇಜಿಗೂ ಒಂದು ಫುಟ್‌ಬಾಲ್ ತಂಡವಿತ್ತು. ಅಮೆರಿಕದವರ ಫುಟ್‌ಬಾಲ್. ಕಬಡ್ಡಿ ಆಡುವವರ ತಲೆಗೆ ಹೆಲ್ಮೆಟ್ ಹಾಕಿ, ಒಬ್ಬನ ಕೈಗೆ ಸುಲಿದ ತೆಂಗಿನಕಾಯಿ ಕೊಟ್ಟು ಓಡು ಎಂದರೆ ಹೇಗಿರುತ್ತದೋ ಹಾಗೆ. ನಿಯಮಗಳು ನೂರಿವೆ, ಅವುಗಳಲ್ಲಿ ಒಂದನ್ನು ಮಾತ್ರ ನೀವು ತಿಳಿದುಕೊಂಡರೆ ಸಾಕು. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಿನವರ ಪಾಲು.

ಆ ಹತ್ತು ಗಜವನ್ನು ಹೇಗೆ ಅಳೆಯುತ್ತಾರೆ ಗೊತ್ತೇ? ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ, ಒಂದು ಸರಪಳಿಯಿಂದ. ಎರಡು ತುದಿಗೆ ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಮೈದಾನದ ಅಂಚಿನಲ್ಲಿ ಇಬ್ಬರು ಕೋಲು ಹಿಡಿದು ನಿಂತಿರುತ್ತಾರೆ. ಎಲ್ಲಿಂದ ಶುರುವಾಯಿತೋ ಅಲ್ಲಿ ಹಿಂದಿನ ಕೋಲು, ಎಲ್ಲಿಗೆ ಮುಟ್ಟಬೇಕೋ ಅಲ್ಲಿ ಮುಂದಿನ ಕೋಲು. ಮುಟ್ಟಿತೋ ಇಲ್ಲವೋ ಎಂಬ ಅನುಮಾನ ಬಂದರೆ ಸರಪಳಿಯನ್ನು ಮೈದಾನದೊಳಗೆ ಹೊತ್ತುಕೊಂಡು ಹೋಗಿ ಎಳೆದು ನೋಡುತ್ತಾರೆ. ಹಾಗೆ ಹೊತ್ತುಕೊಂಡು ಹೋಗುವಾಗ ಜಾಗ ತಪ್ಪಬಾರದಲ್ಲ, ಅದಕ್ಕೆ ಈ ಕ್ಲಿಪ್ಪು. ಮೈದಾನದಲ್ಲಿ ಐದೈದು ಗಜಕ್ಕೆ ಸುಣ್ಣದ ಗೆರೆಗಳಿರುತ್ತವೆ. ಹತ್ತಿರದ ಗೆರೆಗೆ ಸರಿಯಾಗಿ ಸರಪಳಿಗೆ ಕ್ಲಿಪ್ಪು ಸಿಕ್ಕಿಸಿಬಿಟ್ಟರೆ ಮುಗಿಯಿತು, ಆಮೇಲೆ ಕೋಲು ಬಿದ್ದರೂ ಲೆಕ್ಕ ತಪ್ಪುವುದಿಲ್ಲ. ಕ್ಲಿಪ್ಪು ಹಾಕುವ ತನಕ ಮಾತ್ರ ಎಲ್ಲವೂ ಕೋಲು ಹಿಡಿದವನ ಕೈಯಲ್ಲಿ.

ನಮ್ಮ ಕಾಲೇಜಿನಲ್ಲಿ ಮುಂದಿನ ಕೋಲೂ ಕ್ಲಿಪ್ಪೂ ವರ್ನನ್ ಎಂಬ ಮುದುಕನ ಸುಪರ್ದಿನಲ್ಲಿದ್ದವು. ಗಿರಣಿಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಇಪ್ಪತ್ತೆರಡು ವರ್ಷದಿಂದ ಸರಪಳಿ ಹಿಡಿದವನು. ಹಿಂದಿನ ಕೋಲಿನವರಿಗೆ ಮಂಡಿ ಆಪರೇಷನ್ ಆಗಿತ್ತು. ಒಂದು ದಿನ ವರ್ನನ್ ನನ್ನ ಆಫೀಸಿನ ಬಾಗಿಲಲ್ಲಿ ಟೋಪಿ ತೆಗೆದು ನಿಂತು, ಗಣಿತದ ಮೇಷ್ಟರಿಗೆ ಹತ್ತು ಗಜ ಅಳೆಯಲು ಬರುತ್ತದಲ್ಲವೇ ಎಂದು ವಿಚಾರಿಸಿದ. ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅದಲ್ಲದೆ ಸರಪಳಿ ಎಂದ ಕೂಡಲೇ ನನಗೆ ಅಪ್ಪ ನೆನಪಾದರು.

ನಮ್ಮಪ್ಪ ಸರ್ವೆ ಇಲಾಖೆಯಲ್ಲಿದ್ದರು. ನಂಜನಗೂಡಿನ ಕಡೆಯ ಹಳ್ಳಿಗಳಲ್ಲಿ ಹೊಲಗದ್ದೆ ಅಳೆಯುವುದು ಅವರ ಕೆಲಸ. ಅವರ ಸರಪಳಿ ನಮ್ಮ ಮನೆಯ ನಡುಮನೆಯ ಮೂಲೆಯಲ್ಲಿ ಗೋಣಿಚೀಲದೊಳಗೆ ಮಲಗಿರುತ್ತಿತ್ತು. ನಾವು ಐದು ಜನ ಮಕ್ಕಳು ಆ ಸಣ್ಣ ಮನೆಯಲ್ಲಿ ಎಡವದ ವಸ್ತುವಿರಲಿಲ್ಲ. ಆದರೆ ಸರಪಳಿಗೆ ಕಾಲು ತಗುಲಿದರೆ ಪುಸ್ತಕಕ್ಕೆ ತಗುಲಿದ ಹಾಗೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅವಸರದಲ್ಲಿ ಮರೆತು ಓಡಿದರೆ ಅಪ್ಪ ಬೈಯುತ್ತಿರಲಿಲ್ಲ, ಪೇಪರಿನ ಮೇಲಿಂದ ಸುಮ್ಮನೆ ನೋಡುತ್ತಿದ್ದರು. ನಾವು ವಾಪಸು ಬಂದು ಒತ್ತಿಕೊಂಡು ಹೋಗುತ್ತಿದ್ದೆವು.

ಅಳತೆಗೆ ಹೋದ ದಿನ ಅಪ್ಪ ಆ ಊರಿನಲ್ಲಿ ಯಾರ ಮನೆಯಲ್ಲೂ ಮಜ್ಜಿಗೆ ಕುಡಿಯುತ್ತಿರಲಿಲ್ಲ. ಸರಪಳಿ ಹಿಡಿದ ಹೊತ್ತಿನಲ್ಲಿ ತಮಗೆ ನೆಂಟರಿಲ್ಲ, ಸ್ನೇಹಿತರಿಲ್ಲ ಎನ್ನುತ್ತಿದ್ದರು. ಒಂದು ಸಲ ನಮ್ಮ ಸೋದರತ್ತೆಯ ಗಂಡನ ಬದುವನ್ನೇ ಅಳೆದು, ಅವರು ಒತ್ತುವರಿ ಮಾಡಿದ್ದಾರೆಂದು ಬರೆದು ಬಂದರು. ಎರಡು ಯುಗಾದಿಗೆ ಅತ್ತೆ ನಮ್ಮ ಮನೆಗೆ ಬರಲಿಲ್ಲ.

ಇಂಥವರ ಮಗ ನಾನು. ಅಮೆರಿಕದಲ್ಲಿ ಸರಪಳಿ ಹಿಡಿಯುವ ಕೆಲಸ ಸಿಕ್ಕಿದೆ ಎಂದು ಅಪ್ಪನಿಗೆ ಕಾಗದ ಬರೆದೆ. ನಾನು ಪಿಎಚ್‌ಡಿ ಮುಗಿಸಿದಾಗ ಒಂದು ಸಾಲು ಬರೆದಿದ್ದ ಅಪ್ಪ, ಇದಕ್ಕೆ ಎರಡೂ ಮಗ್ಗುಲು ತುಂಬ ಬರೆದರು. ಒಂದೊಂದು ಕೊಂಡಿ ಎಷ್ಟುದ್ದ, ಬಿಸಿಲಿಗೆ ಹಿಗ್ಗುತ್ತದೆಯೇ, ಎಳೆಯುವಾಗ ನೆಲಕ್ಕೆ ಸಮವಾಗಿ ಎಳೆಯುತ್ತೀರೋ ಹೇಗೆ. ಅಂತೂ ಮನೆತನದ ಕೆಲಸಕ್ಕೆ ಬಂದೆಯಲ್ಲ ಎಂದು ಕೊನೆಗೆ ಬರೆದಿದ್ದರು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ.

ಆ ಶನಿವಾರಗಳನ್ನು ಹೇಗೆ ಹೇಳಲಿ. ಮಧ್ಯಾಹ್ನದ ಹೊತ್ತಿಗೆ ಮೈದಾನದ ಸುತ್ತ ಯಾರೋ ಮಾಂಸ ಸುಡುವ ಹೊಗೆ, ಗುಡ್ಡದ ಮೇಲೆ ಕೆಂಪಾದ ಮೇಪಲ್ ಮರಗಳು, ಮೂರು ಸಾಲಿನ ಹಲಗೆ ಬೆಂಚುಗಳ ಮೇಲೆ ಊರಿಗೆ ಊರೇ. ನಾನು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದೆ. ಪದ್ಮ ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಡುತ್ತಿದ್ದಳು. ವರ್ನನ್ ಮೊದಲ ವಾರ ಒಂದನ್ನು ಅನುಮಾನದಿಂದ ಕಡಿದ. ಎರಡನೆಯ ವಾರದಿಂದ ಡಬ್ಬಿಯನ್ನು ಅವನ ಕೈಗೇ ಕೊಟ್ಟುಬಿಡುತ್ತಿದ್ದೆ.

ಸರಪಳಿಯವರು ಯಾರ ಪರವೂ ಕೂಗುವಂತಿಲ್ಲ. ನಮ್ಮನ್ನು ನಿಲ್ಲಿಸುತ್ತಿದ್ದುದೂ ಎದುರಾಳಿ ತಂಡದ ಪಕ್ಕದಲ್ಲೇ. ನಮ್ಮ ಹುಡುಗರು ಅಪರೂಪಕ್ಕೆ ಅಂಕ ಗಳಿಸಿದಾಗ ಊರೆಲ್ಲ ಎದ್ದು ಕುಣಿಯುತ್ತಿದ್ದರೆ ನಾನು ತಿಥಿಮನೆಗೆ ಬಂದವನ ಮುಖ ಹಾಕಿಕೊಂಡು ನಿಂತಿರಬೇಕು. ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಪದ್ಮಳಿಗೆ ಆಟ ಅರ್ಥವಾಗುತ್ತಿರಲಿಲ್ಲ, ಆಗಬೇಕೆಂಬ ಆಸೆಯೂ ಇರಲಿಲ್ಲ. ಬಿದ್ದವನು ಎದ್ದರೆ ಚಪ್ಪಾಳೆ ತಟ್ಟುತ್ತಿದ್ದಳು, ಯಾವ ತಂಡದವನಾದರೂ ಸರಿ. ಆ ಆಟದಲ್ಲಿ ಬೀಳುವುದು ಏಳುವುದು ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಅವಳಿಗೆ ಕೈ ತುಂಬ ಕೆಲಸ.

ಮೊದಲ ದಿನವೇ ನನ್ನ ಕಾಲು ಸರಪಳಿಗೆ ತಗುಲಿತು, ನಾನು ಯೋಚಿಸದೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆ ವರ್ಷವೆಲ್ಲ ಶನಿವಾರಕ್ಕೆ ಹತ್ತು ಸಲ ಹೀಗೆ ಮಾಡಿರಬೇಕು. ಅದನ್ನು ಮೊದಲು ಗಮನಿಸಿದವನು ಕರ್ಟಿಸ್. ಚೆಂಡು ಹಿಡಿದು ಓಡುವ ಹುಡುಗ, ಕೊನೆಯ ವರ್ಷದವನು. ನನ್ನ ಬೀಜಗಣಿತದ ಕ್ಲಾಸಿನಲ್ಲಿ ಒಂದು ಸಲ ಫೇಲಾಗಿ ಎರಡನೆಯ ಸಲ ಮುಂದಿನ ಬೆಂಚಿಗೆ ಬಂದು ಕೂತವನು. ಯಾಕೆ ಹಾಗೆ ಮಾಡುತ್ತೀರಿ ಎಂದು ಕೇಳಿದ. ಅಪ್ಪನ ಕಥೆ ಹೇಳಿದೆ. ಮುಂದಿನ ಶನಿವಾರ ನಾವು ಗೋಣಿಚೀಲದಿಂದ ಸರಪಳಿ ತೆಗೆದು ಹುಲ್ಲಿನ ಮೇಲೆ ಹರಡುತ್ತಿದ್ದಾಗ ಅವನು ಬಂದು, ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಹೋದ. ಅದರ ಮುಂದಿನ ವಾರ ತಂಡದ ಅರ್ಧ ಹುಡುಗರು ಸಾಲು ನಿಂತಿದ್ದರು. ಅಷ್ಟೆತ್ತರದ ಆಳುಗಳು, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು, ನಮ್ಮಪ್ಪನಿಗೆ ಹೆದರಿದ ಮಕ್ಕಳ ಹಾಗೆ.

ಪುಣ್ಯ ಮಾತ್ರ ಬರಲಿಲ್ಲ. ಕರ್ಟಿಸ್ ಆ ಕಾಲೇಜಿಗೆ ಸೇರಿದಾಗಿನಿಂದ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆ ವರ್ಷವೂ ವಾರದಿಂದ ವಾರಕ್ಕೆ ಸೋಲುತ್ತಲೇ ಹೋದೆವು. ಅಕ್ಟೋಬರ್ ಮುಗಿಯುವಾಗ ಕಾಲೇಜಿನ ಟ್ರಸ್ಟಿಗಳು ಒಂದು ಕಾಗದ ಹೊರಡಿಸಿದರು: ಈ ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ತಂಡ ಇರುವುದಿಲ್ಲ. ಆ ದಿನ ಕರ್ಟಿಸ್ ಲೆಕ್ಕ ಹೇಳಿಸಿಕೊಳ್ಳುವ ನೆಪದಲ್ಲಿ ನನ್ನ ಆಫೀಸಿಗೆ ಬಂದು ಪುಸ್ತಕ ತೆರೆಯದೆ ಕೂತಿದ್ದ. ಡಾಕ್ಟರೇಟ್ ಆದ ನನ್ನನ್ನು ಹುಡುಗರೆಲ್ಲ ಡಾಕ್ ಎನ್ನುತ್ತಿದ್ದರು. ಕೊನೆಗೆ ಅವನು ಹೇಳಿದ್ದು ಇಷ್ಟು:

"ಒಂದೇ ಒಂದು ಗೆಲುವು ಸಾಕು, ಡಾಕ್. ಒಂದಾದರೂ ಗೆದ್ದೆ ಅಂತ ಮನೆಗೆ ಹೋಗಿ ಹೇಳಬೇಕು."

ಎಲ್ಲ ವಿದ್ಯಾರ್ಥಿಗಳಿಗೂ ಎಲ್ಲದಕ್ಕೂ ಸೂತ್ರ ಕೊಡುವ ನನ್ನಿಂದ ಅವನಿಗೆ ಏನೂ ಕೊಡಲಾಗಲಿಲ್ಲ. ಕೋಡುಬಳೆ ಕೊಟ್ಟೆ.

ಕೊನೆಯ ಪಂದ್ಯ ನವೆಂಬರಿನ ಒಂದು ಶನಿವಾರ, ನಮ್ಮ ಮೈದಾನದಲ್ಲೇ. ಅಟ್ಲಾಂಟಾ ಕಡೆಯಿಂದ ಒಂದು ತಂಡ ಬಂದಿತ್ತು. ವಿಪರೀತ ಚಳಿ, ಬೆಂಚುಗಳ ಮೇಲೆ ಜನ ಕಂಬಳಿ ಹೊದ್ದು ಕೂತಿದ್ದರು. ಯಾವ ದೇವರ ದಯೆಯೋ, ಆಟ ಮುಗಿಯಲು ಎರಡು ನಿಮಿಷ ಇದೆ ಎನ್ನುವಾಗ ನಾವು ಮೂರು ಅಂಕ ಮುಂದಿದ್ದೆವು. ಚೆಂಡೂ ನಮ್ಮದೇ. ಇನ್ನೊಂದು ಹತ್ತು ಗಜ ಸಿಕ್ಕಿಬಿಟ್ಟರೆ ಉಳಿದ ಸಮಯವನ್ನು ಸುಮ್ಮನೆ ಕಳೆದುಬಿಡಬಹುದು, ಗೆದ್ದಂತೆಯೇ. ಊರಿನವರು ಕೂಗುವುದನ್ನೂ ನಿಲ್ಲಿಸಿದ್ದರು.

ಅಂಪೈರು ಅಂಚಿನಲ್ಲಿ ಕಾಲು ಊರಿ ಜಾಗ ತೋರಿಸಿದರು. ನಾನು ಅವರ ಹಿಮ್ಮಡಿಗೆ ಸರಿಯಾಗಿ ಕೋಲು ನಿಲ್ಲಿಸಿದೆ. ಅದರ ಮುಂದೆಯೇ ಒಂದು ಒಣಗಿದ ಗರಿಕೆಯ ಗಂಟಿತ್ತು, ಇವತ್ತಿಗೂ ಆ ಗಂಟು ನನ್ನ ಕಣ್ಣಿಗೆ ಕಾಣುತ್ತದೆ. ಹತ್ತು ಗಜದಾಚೆ ವರ್ನನ್ ಕೋಲನ್ನು ಭುಜಕ್ಕೆ ಒರಗಿಸಿಕೊಂಡು ಕ್ಲಿಪ್ಪಿನ ಜೊತೆ ಗುದ್ದಾಡುತ್ತಿದ್ದ. ಚಳಿಗೆ ಸ್ಪ್ರಿಂಗು ಬಿಗಿದುಕೊಂಡಿತ್ತು, ಅವನ ಬೆರಳುಗಳೂ ಸೆಟೆದುಕೊಂಡಿದ್ದವು. ಕ್ಲಿಪ್ಪು ಹಾಕುವುದರೊಳಗೆ ಆಟ ಶುರುವಾಗಿಬಿಟ್ಟಿತು. ಕರ್ಟಿಸ್ ಚೆಂಡು ಹಿಡಿದು ನೇರವಾಗಿ ನಮ್ಮ ಕಡೆಗೇ ಓಡಿ ಬಂದ. ಇಬ್ಬರು ಅವನನ್ನು ತಳ್ಳಿದರು. ಅವನು ಗೆರೆ ದಾಟಿ ಉರುಳಿಕೊಂಡು ಬಂದು ನನ್ನ ಕಾಲಿಗೆ ಬಿದ್ದ.

ಆಟ ಹತ್ತಿರ ಬಂದರೆ ಹಿಂದಕ್ಕೆ ಓಡಬೇಕೆಂದು ವರ್ನನ್ ನೂರು ಸಲ ಹೇಳಿದ್ದ. ನಾನು ಓಡಲಿಲ್ಲ. ನನ್ನ ಬೂಟುಗಾಲು ಆ ಹುಡುಗನ ಭುಜಕ್ಕೆ ತಗುಲಿತು. ಮನುಷ್ಯನಿಗೆ ಕಾಲು ತಗುಲಿದರೆ ನಮ್ಮಂಥವರು ಏನು ಮಾಡುತ್ತೇವೆ? ಎರಡೂ ಕೈಯಿಂದ ಕೋಲು ಬಿಟ್ಟೆ. ಬಗ್ಗಿ ಅವನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವನು ಹೆಲ್ಮೆಟ್ಟಿನೊಳಗಿಂದ ಸಾರಿ ಡಾಕ್ ಎಂದು ಹೇಳಿ ಎದ್ದು ಓಡಿದ. ದೂರದ ಬೆಂಚಿನಿಂದ ಒಬ್ಬಳೇ ಹೆಂಗಸು ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಕೋಲು ಹುಲ್ಲಿನ ಮೇಲೆ ಬಿದ್ದಿತ್ತು. ಎತ್ತಿಕೊಂಡೆ. ಅಂಪೈರು ಚೆಂಡಿನ ಹಿಂದೆ ಹೋಗಿದ್ದರು, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಗರಿಕೆಯ ಗಂಟು ಅಲ್ಲೇ ಇತ್ತು, ಕೋಲು ಎಲ್ಲಿ ನಿಲ್ಲಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಳೆದ ವಾರದ ತನಕ ನಾನು ಯಾರಿಗೂ ಹೇಳದ ಮಾತನ್ನು ನಿಮಗೆ ಹೇಳುತ್ತಿದ್ದೇನೆ. ನಾನು ಕೋಲನ್ನು ಅಲ್ಲಿ ನಿಲ್ಲಿಸಲಿಲ್ಲ. ಒಂದು ಗೇಣು ಹಿಂದಕ್ಕೆ ನಿಲ್ಲಿಸಿದೆ.

ಹಿಂದಿನ ಕೋಲು ಒಂದು ಗೇಣು ಹಿಂದಕ್ಕೆ ಹೋದರೆ ಮುಂದಿನ ಕೋಲೂ ಒಂದು ಗೇಣು ಹಿಂದಕ್ಕೆ ಬರಬೇಕು. ಅಂದರೆ ನಮ್ಮ ಹುಡುಗರಿಗೆ ಒಂದು ಗೇಣು ಕಡಿಮೆ ದಾರಿ. ಸರಪಳಿ ಬಿಗಿಯಾಯಿತು, ಆ ತುದಿಯಲ್ಲಿ ವರ್ನನ್‌ನ ಕೋಲು ಅಲುಗಾಡಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನೂ ನೋಡಿದೆ. ಆಮೇಲೆ ಅವನು ಒಂದು ಗೇಣು ಹಿಂದೆ ಸರಿದು ನಿಂತ, ಗೆರೆಯ ಹತ್ತಿರ ಬಂದು ಕ್ಲಿಪ್ಪನ್ನು ಸರಪಳಿಗೆ ಸಿಕ್ಕಿಸಿದ. ಈ ಸಲ ಅದು ಒಂದೇ ಏಟಿಗೆ ಕೂತಿತು.

ಎರಡನೆಯ ಪ್ರಯತ್ನ, ಮೂರನೆಯ ಪ್ರಯತ್ನ ಆದವು. ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಕಳಿಸುವುದು ವಾಡಿಕೆ. ಆದರೆ ನಮ್ಮ ತಂಡದ ಒದೆಯುವವನ ಒದೆತ ಯಾವ ದಿಕ್ಕಿಗೆ ಹೋಗುತ್ತದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಕೋಚು ಕರ್ಟಿಸ್‌ಗೇ ಚೆಂಡು ಕೊಡಿಸಿದರು. ಅವನು ಆ ರಾಶಿಯೊಳಗೆ ತಲೆ ತಗ್ಗಿಸಿ ನುಗ್ಗಿದ. ಒಬ್ಬೊಬ್ಬರನ್ನಾಗಿ ಎತ್ತಿ ನೋಡಿದರೆ ಚೆಂಡು ಹೆಚ್ಚುಕಡಿಮೆ ಹತ್ತು ಗಜದ ಹತ್ತಿರ ಇತ್ತು. ಅಂಪೈರು ನಮ್ಮನ್ನು ಕರೆದರು.

ನಾವು ಸರಪಳಿ ಹೊತ್ತುಕೊಂಡು ಒಳಗೆ ಹೋದೆವು. ಕ್ಲಿಪ್ಪನ್ನು ಗೆರೆಯ ಮೇಲಿಟ್ಟರು, ವರ್ನನ್ ಆ ಕಡೆಯಿಂದ ಎಳೆದ, ಸರಪಳಿ ನೆಲಕ್ಕೆ ಸಮವಾಗಿ ನೆಟ್ಟಗಾಯಿತು. ಅಪ್ಪ ನೋಡಿದ್ದರೆ ಮೆಚ್ಚುವ ಹಾಗೆ ನೆಟ್ಟಗಾಯಿತು. ಅಂಪೈರು ಮಂಡಿಯೂರಿ ಚೆಂಡಿನ ಮೂತಿಗೂ ಕೋಲಿಗೂ ನಡುವೆ ಬೆರಳಿಟ್ಟು ನೋಡಿದರು.

ಎರಡು ಬೆರಳು ಕಡಿಮೆ.

ಅತಿಥಿಗಳ ಕಡೆಯಿಂದ ಹೋ ಎಂಬ ಕೂಗು ಎದ್ದಿತು. ಕರ್ಟಿಸ್ ಅಲ್ಲೇ ಮಂಡಿಯೂರಿ ಕೂತಿದ್ದ. ನಾವು ಸರಪಳಿ ಎತ್ತುವ ಮುಂಚೆ ಅವನು ಕೈ ಚಾಚಿ ಅದನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಎದ್ದು ಹೋದ. ಅಳತೆಯನ್ನು ಅವನು ನಂಬಿದ. ನನ್ನ ಎದೆ ಒಡೆದದ್ದು ಆಗ. ಚೆಂಡು ಸಿಕ್ಕ ಅಟ್ಲಾಂಟಾದವರು ಉಳಿದ ಒಂದು ನಿಮಿಷದಲ್ಲಿ ಓಡಿ ಗೆದ್ದುಕೊಂಡರು.

ಜನರೆಲ್ಲ ಹೋದ ಮೇಲೆ ನಾನೂ ವರ್ನನ್‌ನೂ ಸರಪಳಿಯನ್ನು ಗೋಣಿಚೀಲಕ್ಕೆ ತುಂಬಿದೆವು. ಅದನ್ನು ಇನ್ನು ಯಾರೂ ತೆಗೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆರಳೂ ಆಚೀಚೆ ಮಾಡದವನು, ನಿಮ್ಮಿಂದ ಕೆಟ್ಟೆ ಎಂದು ಬೈಯಬಹುದೆಂದು ಕಾದೆ. ಅವನು ಕ್ಲಿಪ್ಪನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟು ಬೆರಳು ಮಡಚಿದ.

"ನೀವು ಎಳೀತೀರಿ ಅಂತ ನಾನು ಅಂದುಕೊಂಡಿರಲಿಲ್ಲ," ಎಂದ. ಚೀಲದ ಬಾಯಿ ಕಟ್ಟುತ್ತಾ, "ನಾನೇ ಎಳೆಯೋಣ ಅಂತಿದ್ದೆ," ಎಂದ.

ಅಪ್ಪನಿಗೆ ಕಾಗದ ಬರೆದೆ. ಕೊನೆಯ ಪಂದ್ಯ ಎರಡು ಬೆರಳಿನಲ್ಲಿ ಹೋಯಿತು, ಅಳತೆ ಸರಿಯಾಗಿ ಮಾಡಿದೆವು ಎಂದು ಬರೆದೆ. ಅಳತೆ ಸರಿಯಾಗಿದ್ದರೆ ಸೋಲಿಗೆ ಕೊರಗಬೇಡ, ನನಗೆ ಹೆಮ್ಮೆಯಾಗಿದೆ ಎಂದು ಅವರು ಉತ್ತರ ಬರೆದರು. ಆ ಕಾಗದವನ್ನು ಮಾತ್ರ ನಾನು ಎರಡನೆಯ ಸಲ ಓದಲಿಲ್ಲ. ಮೂರು ವರ್ಷಕ್ಕೆ ಅಪ್ಪ ಹೋದರು. ನಿಜ ಬರೆಯಬೇಕೆಂದು ನಾಲ್ಕೈದು ಸಲ ಪೆನ್ನು ತೆಗೆದುಕೊಂಡಿದ್ದೆ, ಆಗಲಿಲ್ಲ.

ಇಲ್ಲಿ ಜರ್ಮನ್‌ಟೌನಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಹೈಸ್ಕೂಲಿನ ಮೈದಾನವಿದೆ. ಅಕ್ಟೋಬರಿನಲ್ಲಿ ವಾಕಿಂಗ್ ಹೋದಾಗ ಬೇಲಿಯ ಹತ್ತಿರ ನಿಲ್ಲುತ್ತೇನೆ. ನನ್ನ ಕಣ್ಣು ಚೆಂಡಿನ ಕಡೆ ಹೋಗುವುದೇ ಇಲ್ಲ, ಕೋಲು ಹಿಡಿದವರ ಮೇಲೆಯೇ ಇರುತ್ತದೆ. ಆ ಹೊಗೆ, ಆ ಮೇಪಲ್ ಮರ, ಡಬ್ಬಿ ಮುಚ್ಚಳ ತೆಗೆಯುವ ವರ್ನನ್ ಎಲ್ಲ ಬೇಕು ಎನ್ನಿಸುತ್ತದೆ. ಮೈಸೂರೂ ನನಗೆ ಇಷ್ಟು ನೆನಪಾಗುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಆ ಕಾಲೇಜಿನ ಮೈದಾನದಲ್ಲಿ ಈಗ ಕಾರು ನಿಲ್ಲಿಸುತ್ತಾರಂತೆ.

ಪದ್ಮ ಸ್ನಾನ ಮುಗಿಸಿ ಬಂದಾಗ ನಾನಿನ್ನೂ ಕ್ಲಿಪ್ಪು ಹಿಡಿದು ಕೂತಿದ್ದೆ. ಏನಾಯಿತೆಂದು ಕೇಳಿದಳು. ಎಲ್ಲವನ್ನೂ ಹೇಳಿಬಿಟ್ಟೆ, ಗರಿಕೆಯ ಗಂಟಿನಿಂದ ಅಪ್ಪನ ಕಾಗದದ ತನಕ. ಅವಳು ಒಗ್ಗರಣೆಗೆ ಬಾಣಲೆ ಇಟ್ಟಿದ್ದ ಒಲೆಯನ್ನು ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತಳು. ಮಾವನವರ ಮರ್ಯಾದೆಯ ವಿಷಯ, ಏನು ಹೇಳುತ್ತಾಳೋ ಎಂದು ನಾನು ತಲೆ ತಗ್ಗಿಸಿದ್ದೆ.

"ಒಂದೇ ಗೇಣಾ?" ಎಂದಳು.

"ಹೂಂ."

ನಾನು ತಲೆಯೆತ್ತಿದೆ. ನೋಡಿದರೆ ಅವಳ ಕಣ್ಣಲ್ಲಿ ನೀರು.

"ಇನ್ನೆರಡು ಬೆರಳು ಎಳೆದಿದ್ರೆ ಆ ಹುಡುಗ ಗೆಲ್ತಿದ್ದನಲ್ರೀ."

ಮೂವತ್ತು ವರ್ಷದಿಂದ ನಾನು ನನಗೇ ಹೇಳಿಕೊಳ್ಳಲು ಹೆದರಿದ್ದು ಆ ಮಾತು. ಮೋಸ ಮಾಡಿದೆ ಎಂದು ಕೊರಗುತ್ತಿದ್ದೇನೆ ಎಂದು ತಿಳಿದುಕೊಂಡಿದ್ದೆ. ಕೊರಗು ಅದರದ್ದಾಗಿರಲಿಲ್ಲ. ಕ್ಲಿಪ್ಪನ್ನು ಅವಳ ಮುಂದೆ ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಅವಲಕ್ಕಿ ಪ್ಯಾಕೆಟ್ಟಿಗೆ ಹಾಕಿದಳು. ಬಿಗಿಯಾಗಿ ಕೂತಿದೆಯೇ ಎಂದು ಒಂದು ಸಲ ಎಳೆದು ನೋಡಿದಳು.